ನಮ್ಮ ಹುಡ್ಗನ ಕಾರಿನ ಡಬ್ಬ ಸುಟ್ಟಿದ್ದು

ಸುತ್ತೂರು ಜಾತ್ರೆ ಮುಗಿಸ್ಕೊಂಡು ಹೆಡತಲೆಗೆ ವಾಪಸ್ ಬರ್ತಾ ಇದ್ವಿ ಕಣ್ರವ್ವ. ಡಿಕ್ಕಿಲಿ ದುಡುಂ ದುಡುಂ ಅಂತಿದ್ದದ್ದು ತಟ್ಟಂತ ನಿಂತೋಯ್ತು. ಒಂದು ಗಳಿಗೆ ಹಾಯ್ ಅನ್ನುಸ್ತು. ಆಮೇಲೆ ವಾಸ್ನೆ ಬಂತು. ಮಿಕ್ಸಿ ಮೋಟ್ರು ಸುಟ್ಟಾಗ ಬರುತ್ತಲ್ಲ, ಅದೇ ಥರ. ಮಗ ಗಾಡಿ ನಿಲ್ಸಿ ನೋಡುದ್ರೆ ಆಂಪ್ಲಿಫೈಯರ್ ಡಬ್ಬ ಮುಟ್ಟಕ್ಕಾಗ್ದಂಗೆ ಕಾದಿತ್ತು. ನಮ್ಮೆಜಮಾನ್ರು ಹಿಂದೆ ತಿರುಗೂ ನೋಡ್ಲಿಲ್ಲ. "ಶಾಂತಿ ಆಯ್ತು" ಅಂದ್ರು ಅಷ್ಟೇ.

ಆ ಡಬ್ಬಕ್ಕೆ, ಎರಡು ವೂಫರ್‌ಗೆ ಹಾಕಿದ್ದು ನನ್ನ ಚೀಟಿ ದುಡ್ಡು. ಅವ್ರಿಗೆ ಹೇಳಿರ್ಲಿಲ್ಲ. ಅದ್ಕೇ ನಾನೂ ಬಾಯಿ ಮುಚ್ಕೊಂಡು ಕೂತಿದ್ದೆ.

ನಾಕು ದಿನ ಅಪ್ಪ ಮಗ ಮಾತಾಡ್ಲಿಲ್ಲ. ಐದನೇ ದಿನ ನಾನು ಸೊಪ್ಪು ಬಿಡುಸ್ತಾ ಇರ್ಬೇಕಾದ್ರೆ ಮಗ ಬಂದು ಪಕ್ಕದಲ್ಲಿ ಕೂತ. "ಅಮ್ಮ, ಆ ಡಬ್ಬ ಚಿಕ್ಕದಾಯ್ತಂತೆ. ಅಂಗ್ಡಿಯವ್ರು 2000 ವ್ಯಾಟಿಂದು ಹಾಕ್ಸು ಅಂತಾವ್ರೆ" ಅಂದ. ಮತ್ತೆ ದುಡ್ಡು ಕೇಳಕ್ಕೆ ಬಂದಿದ್ದ. ನಂಗೆ ರೇಗೋಯ್ತು. "ಮೊದ್ಲು ಸುಟ್ಟೋಗಿರದ್ರ ಪುಸ್ತ್ಕ ತತ್ತಾ" ಅಂದೆ.

ನಾನು ನಂಜನಗೂಡಲ್ಲಿ ಪಿಯುಸಿ ಮುಗಿಸಿದ್ದು 1988ರಲ್ಲಿ, ಸೈನ್ಸು. ಅದಾದ್ಮೇಲೆ ಮದ್ವೆ. ಎರಡು ರೆಸಿಸ್ಟೆನ್ಸ್‌ನ ಸೀರೀಸಲ್ಲಿ, ಪ್ಯಾರಲಲ್ಲಲ್ಲಿ ಜೋಡ್ಸಿ, ಮೀಟರ್ ನೋಡಿ ರೆಕಾರ್ಡ್ ಬರೀತಿದ್ವಿ. ಈ ಮನೇಲಿ ಅದನ್ನ ಯಾರೂ ಯಾವತ್ತೂ ಕೇಳಿರ್ಲಿಲ್ಲ.

ಪುಸ್ತ್ಕದಲ್ಲಿ ಸಣ್ಣಕ್ಷರದಲ್ಲಿ ಎಲ್ಲಾ ಇತ್ತು. ಡಬ್ಬದಲ್ಲಿ ಎರಡು ಚಾನಲ್. ಬೇರೆ ಬೇರೆ ಬಳಸುದ್ರೆ ಒಂದೊಂದೂ 4 ಓಮ್‌ಗೆ 95 ವ್ಯಾಟ್ ಕೊಡುತ್ತೆ, 2 ಓಮ್‌ವರ್ಗೂ ತಡೆಯುತ್ತೆ. ಎರಡನ್ನೂ ಸೇರ್ಸಿ ಬ್ರಿಡ್ಜ್ ಮಾಡುದ್ರೆ 300 ವ್ಯಾಟ್, ಆದ್ರೆ 4 ಓಮ್‌ಗಿಂತ ಕೆಳಕ್ಕೆ ಹೋಗಂಗಿಲ್ಲ. ವೂಫರ್ ಒಂದೊಂದೂ 4 ಓಮ್. ಅಂಗ್ಡಿ ಹುಡ್ಗ ಬ್ರಿಡ್ಜ್ ಮಾಡಿ, ಅದಕ್ಕೆ ಎರಡು ವೂಫರನ್ನೂ ಪ್ಯಾರಲಲ್ಲಾಗಿ ಜೋಡ್ಸಿಬುಟ್ಟಿದ್ದ. ನಾಕು ನಾಕು ಪ್ಯಾರಲಲ್ಲಲ್ಲಿ ಸೇರುದ್ರೆ ಎಂಟಾಗಲ್ಲ ಕಣ್ರವ್ವ, ಎರಡಾಗುತ್ತೆ.

"ಓಮ್ ಕಮ್ಮಿಯಾದ್ರೆ ಡಬ್ಬಕ್ಕೆ ಹಗುರ ಅಲ್ವಾ?" ಅಂದ ಮಗ. ಅಲ್ಲ, ಉಲ್ಟಾ. ಓಮ್ ಅಂದ್ರೆ ತಡೆ. ಟ್ಯಾಂಕಿನ ಒಂದು ನಲ್ಲಿ ಬದ್ಲು ಎರಡು ತಿರುಗ್ಸುದ್ರೆ ನೀರು ದುಪ್ಪಟ್ಟು ಹರೀತದಲ್ಲ, ಹಂಗೇ ತಡೆ ಅರ್ಧ ಆದ್ರೆ ಕರೆಂಟು ದುಪ್ಪಟ್ಟು ಎಳೀತದೆ. ಡಬ್ಬ ಅದನ್ನ ತಡೀಲಾರ್ದೆ ಕಾಯ್ತದೆ. ಜಾತ್ರೆಗೆ ಮುಂಚೆ ಎರಡು ಸಲ ಪ್ರೊಟೆಕ್ಟ್ ಅಂತ ಕೆಂಪು ದೀಪ ಹತ್ತಿ ತಾನೇ ಆಫ್ ಆಗಿತ್ತಂತೆ. ಇವ್ನು ಆರುಸ್ಕೊಂಡು ಮತ್ತೆ ಜೋರಾಗೇ ಹಾಕವ್ನೆ.

ಮಗ ನನ್ನೇ ನೋಡ್ತಾ, "ಅಮ್ಮ, ನೀನು ಸೈನ್ಸಾ?" ಅಂದ. ಇಪ್ಪತ್ತಾರು ವರ್ಷದ ಮಗ. ನಂಗೆ ನಗು ಬರ್ಲಿಲ್ಲ.

ಇನ್ನು ಆ 2000 ವ್ಯಾಟಿನ ಕಥೆ. ಪೆಟ್ಗೆ ಮೇಲೆ ದಪ್ಪಕ್ಷರದಲ್ಲಿ ಇರೋದು ಪೀಕ್, ಅಂದ್ರೆ ಒಂದು ಚಣಕ್ಕೆ ಮುಟ್ಟೋದು. ಲೆಕ್ಕಕ್ಕೆ ಹಿಡೀಬೇಕಾದ್ದು ಆರ್‌ಎಂಎಸ್, ಒಂದೇ ಸಮ್ನೆ ತಾಳೋದು. ನಮ್ಮ ವೂಫರ್ ಮೇಲೆ 800 ಅಂತ ಇತ್ತು, ಆರ್‌ಎಂಎಸ್ ಬರೀ 150. ದೊಡ್ಡ ಡಬ್ಬ ತಂದಿದ್ರೆ ಈ ಸಲ ವೂಫರ್ ಕಾಯಿಲ್ ಸುಡ್ತಿತ್ತು.

ನಂಜನಗೂಡಲ್ಲಿ ಒಬ್ರು ರಿಪೇರಿಯವ್ರು ಸುಟ್ಟ ಟ್ರಾನ್ಸಿಸ್ಟರ್ ಬದ್ಲಾಯ್ಸಿ ಕೊಟ್ರು. ಬ್ರಿಡ್ಜ್ ತೆಗ್ಸಿ ಒಂದು ಚಾನಲ್‌ಗೆ ಒಂದು ವೂಫರ್ ಹಾಕ್ಸುದ್ವಿ. ಒಂದೊಂದಕ್ಕೂ 4 ಓಮ್ ಸಿಕ್ತು, 95 ವ್ಯಾಟ್ ಸಿಕ್ತು. ಕಾರಿಗೆ ಅದೇ ಜಾಸ್ತಿ. ಬ್ರಿಡ್ಜಿಗೇ ಎರಡನ್ನೂ ಸೀರೀಸಲ್ಲಿ ಹಾಕ್ಬೋದಿತ್ತು, 8 ಓಮ್ ಆಗಿ ವ್ಯಾಟು ಸುಮಾರು ಅರ್ಧಕ್ಕೆ ಇಳೀತಿತ್ತು.

ನಿಮ್ಮ ಹುಡುಗ್ರೂ ಹಾಕುಸ್ತಾ ಇದ್ರೆ ದುಡ್ಡು ಕೊಡೋಕ್ ಮುಂಚೆ ಕೇಳಿ: ವೂಫರ್ ಎಷ್ಟು ಓಮ್? ಕೆಲವಕ್ಕೆ ಒಳ್ಗೇ ಎರಡೆರಡು ಕಾಯಿಲ್ ಇರ್ತವೆ, ಅವನ್ನೂ ಲೆಕ್ಕ ಹಿಡೀಬೇಕು. ಎಲ್ಲಾ ಸೇರಿ ಎಷ್ಟು ಓಮ್ ಆಯ್ತು, ಡಬ್ಬ ಅಷ್ಟಕ್ಕೆ ತಡೆಯುತ್ತಾ? ಆ ಓಮ್‌ಗೆ ಡಬ್ಬದ ಆರ್‌ಎಂಎಸ್ಸು ವೂಫರಿನ ಆರ್‌ಎಂಎಸ್ಸು ಹತ್ರಹತ್ರ ಇದಾವಾ? ಡಬ್ಬ ಕಮ್ಮಿಯಾಯ್ತು ಅಂತ ಗೇನ್ ಪೂರ್ತಿ ತಿರುಗ್ಸೋದೂ ತಪ್ಪೇ, ಸದ್ದು ಒಡ್ದು ವೂಫರ್ ಸುಡ್ತದೆ. ಬ್ಯಾಟ್ರಿಯಿಂದ ಹೋಗೋ ವೈರಿಗೆ ಬ್ಯಾಟ್ರಿ ಪಕ್ಕದಲ್ಲೇ ಫ್ಯೂಸ್ ಇದ್ಯಾ ಅಂತ್ಲೂ ನೋಡಿ. ವೈರು ಎಲ್ಲಾದ್ರೂ ಸವ್ದು ಬಾಡಿಗೆ ತಾಕುದ್ರೆ ಗಾಡಿಗೇ ಬೆಂಕಿ.

ಚೀಟಿ ದುಡ್ಡಿನ ವಿಷ್ಯ ಆವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮೆಜಮಾನ್ರಿಗೆ ಹೇಳ್ಬುಟ್ಟೆ. ಎರಡು ದಿನ ಮುಖ ಊದುಸ್ಕೊಂಡಿದ್ರು. ಅದು ಅವ್ರ ನ್ಯಾಯ, ನಾನು ಹೇಳಿಯೇ ಕೊಡ್ಬೇಕಿತ್ತು. ಮಗನಿಗೂ ಹೇಳಿವ್ನಿ, ಲಕ್ಷ್ಮೀಕಾಂತನ ಗುಡಿ ಹತ್ರ ಬಂದ್ರೆ ಸದ್ದು ಇಳಿಸ್ಬೇಕು, ರಾತ್ರಿ ಹತ್ತಾದ್ಮೇಲೆ ಹಾಕ್ಲೇಬಾರ್ದು. ಆಂಪ್ಲಿಫೈಯರ್ ಪುಸ್ತ್ಕ ಈಗ ನನ್ನ ಬೀರುವಲ್ಲೇ ಇದೆ, ಮಿಕ್ಸಿ ಗ್ಯಾರಂಟಿ ಕಾರ್ಡಿನ ಜೊತೆ.