ಕಲಿಸುವವನ ಕಾಯಕ

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಶ್ರೀಮಠಕ್ಕೆ ಬಂದಿದ್ದರು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಎಂ.ಎ. ಪದವಿಯನ್ನು ಪಡೆದವರು. ನಾಲ್ಕು ವರ್ಷ ನಾಲ್ಕು ತಿಂಗಳಿಂದ ಬೆಂಗಳೂರಿನ ಭಾಷಾಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದಾರೆ. ಅದನ್ನು ಬಿಟ್ಟು, ಕಂಪನಿಗಳ ನೌಕರರಿಗೆ ಅವರ ಕಚೇರಿಯಲ್ಲಿಯೇ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹೋಗಬಹುದೇ ಎಂಬುದು ಅವರ ಪ್ರಶ್ನೆ.

ಅವರ ಮಾತು ಮುಗಿಯುವ ಮೊದಲೇ ನಾವು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ತೆಗೆದೆವು. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದುದು ವಾಚಕರಿಗೆ ತಿಳಿದದ್ದೇ. "ನೋಡಪ್ಪ, ಹಣದ ಬೆನ್ನು ಹತ್ತಿದವನಿಗೆ ವಿದ್ಯೆ ಒಲಿಯದು" ಎಂದೂ ಸೇರಿಸಿದೆವು.

ಅವರು ತಲೆ ತಗ್ಗಿಸಿ ಕೇಳಿ, ಬಳಿಕ ಮೆಲ್ಲನೆ ನುಡಿದರು: "ತಮ್ಮ ಮಾತು ನಿಜ ಬುದ್ಧಿ. ಆದರೆ ಅಪ್ಪನ ಶಸ್ತ್ರಚಿಕಿತ್ಸೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ನನ್ನ ಸಂಬಳ 28,000. ಮನೆಬಾಡಿಗೆ ಕಳೆದರೆ ಉಳಿಯುವುದು ಸ್ವಲ್ಪ."

ನಮಗೆ ಮುಂದೆ ಮಾತು ಹೊರಡಲಿಲ್ಲ. ಲಕ್ಕಮ್ಮನು ಅಳೆದದ್ದು ತನ್ನ ಮನೆಯ ಅಕ್ಕಿಯನ್ನು. ನಾವು ಅಳೆಯಹೊರಟಿದ್ದು ಪರರ ಮನೆಯ ಗಂಜಿಯನ್ನು.

ಕಾಗದ ತರಿಸಿ ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಕಂಪನಿಯವರು ಕೊಡುವುದು ಗಂಟೆಗೆ 1,200 ರೂಪಾಯಿ. ತಿಂಗಳಿಗೆ 40 ಗಂಟೆ ದೊರೆತರೆ 48,000. ಆದರೆ ಅದು ಸಂಬಳವಲ್ಲ, ಶುಲ್ಕ. ಶೇಕಡಾ 10ರಷ್ಟನ್ನು ಆದಾಯ ತೆರಿಗೆಗೆಂದು ಮೊದಲೇ ಹಿಡಿಯುತ್ತಾರೆ. ತೆರಿಗೆ ಸಲ್ಲಬೇಕಿಲ್ಲವಾದರೆ ವರ್ಷಾಂತ್ಯದ ಲೆಕ್ಕ ಒಪ್ಪಿಸಿದ ಮೇಲೆ ಅದು ಹಿಂದಿರುಗುತ್ತದೆ. ಭವಿಷ್ಯನಿಧಿಯಿಲ್ಲ, ರಜೆಗೆ ವೇತನವಿಲ್ಲ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಕಂಪನಿಯು ಖರ್ಚನ್ನು ಬಿಗಿಹಿಡಿದರೆ ಪಾಠವೇ ನಿಲ್ಲಬಹುದು. ಇತ್ತ ಭಾಷಾಶಾಲೆಯಲ್ಲಿ ಇನ್ನೆಂಟು ತಿಂಗಳು ತಾಳಿದರೆ ಐದು ವರ್ಷ ತುಂಬಿ, ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಯಿಟಿಗೆ ಹಕ್ಕು ಬರುತ್ತದೆ.

"ಹಣದ ಮಾತು ಇಷ್ಟಾಯಿತು. ಮನಸ್ಸು ಏನೆನ್ನುತ್ತದೆ?" ಎಂದು ಕೇಳಿದೆವು.

ಭಾಷಾಶಾಲೆಗೆ ಬರುವವರು ತಮ್ಮ ದುಡಿಮೆಯ ಹಣವನ್ನೇ ತೆತ್ತು ಬರುತ್ತಾರಂತೆ: ಆಟೋ ಓಡಿಸುವವರು, ಪರದೇಶದ ಕೆಲಸಕ್ಕೆ ಪರೀಕ್ಷೆ ಬರೆಯುವ ದಾದಿಯರು, ಮಕ್ಕಳ ಶಾಲೆಯ ಪತ್ರವನ್ನು ತಾವೇ ಓದಬೇಕೆಂಬ ತಾಯಂದಿರು. ಕಂಪನಿಯಲ್ಲಾದರೋ ಕಲಿಯುವವನೊಬ್ಬ, ಹಣ ಕೊಡುವವನಿನ್ನೊಬ್ಬ. ಅವರು ಪ್ರಾಯೋಗಿಕವಾಗಿ ಎರಡು ವಾರ ಒಂದು ಕಂಪನಿಯಲ್ಲಿ ಪಾಠ ಮಾಡಿದ್ದರು. ಕೊನೆಗೆ ಪ್ರತಿಯೊಬ್ಬನ ಕುರಿತೂ ಮೇಲಧಿಕಾರಿಗೆ ವರದಿ ಒಪ್ಪಿಸಬೇಕಿತ್ತು. "ಒಬ್ಬ ಇಂಜಿನಿಯರು ಎರಡು ವಾರವೂ ಬಾಯಿಬಿಡಲಿಲ್ಲ ಬುದ್ಧಿ. ಕಡೆಯ ದಿನ ಎಲ್ಲರೂ ಹೋದ ಮೇಲೆ ಬಂದು, 'ಸಾರ್, ನನ್ನ ಬಗ್ಗೆ ಏನು ಬರೆಯುತ್ತೀರಿ?' ಎಂದು ಕನ್ನಡದಲ್ಲಿ ಕೇಳಿದ. ಅವನೂ ನನ್ನ ಹಾಗೆ ಹಳ್ಳಿಯ ಕನ್ನಡ ಶಾಲೆಯವನು."

ಆಗ ನಮಗೆ ಮಾನಸಗಂಗೋತ್ರಿಯ ದಿನಗಳು ನೆನಪಾದವು. ಪಾಠಶಾಲೆಯಲ್ಲಿ ಸಂಸ್ಕೃತ ಕಾವ್ಯಗಳನ್ನು ಕಂಠಪಾಠ ಮಾಡಿದ್ದ ನಾವು, ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಿರೆಂದಾಗ ಬೆವೆತು ನಿಂತಿದ್ದೆವು. ಪ್ರಾಧ್ಯಾಪಕರು ಏನೂ ಅನ್ನದೆ ಕುಳ್ಳಿರಿಸಿ, ಸಂಜೆ ತಮ್ಮ ಕೋಣೆಗೆ ಕರೆದು ತಿಂಗಳುಗಟ್ಟಲೆ ತಿದ್ದಿದರು. ನಮ್ಮ ಮೌನವನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ.

ಭಯದಿಂದ ಮೂಕನಾದವನು ಭಾಷಾಶಾಲೆಯಲ್ಲಿಯೂ ಇದ್ದಾನೆ, ಹವಾನಿಯಂತ್ರಿತ ಕಚೇರಿಯಲ್ಲಿಯೂ ಇದ್ದಾನೆ. ಆದುದರಿಂದ ಸ್ಥಳವು ಮುಖ್ಯವಲ್ಲ. ತಾನು ಮೊದಲು ಯಾರಿಗೆ ಹೊಣೆ ಎಂಬುದನ್ನು ಅಧ್ಯಾಪಕನು ಮರೆಯದಿದ್ದರೆ ಅದು ಕಾಯಕವೇ ಸರಿ. ಕೂಲಿಯನ್ನು ಕೇಳಿ ಪಡೆಯುವುದರಿಂದ ಕಾಯಕಕ್ಕೆ ಕುಂದಿಲ್ಲ.

ಕಡೆಗೆ ಆದ ತೀರ್ಮಾನವಿಷ್ಟು: ಎಂಟು ತಿಂಗಳು ಭಾಷಾಶಾಲೆಯಲ್ಲಿಯೇ ಇರುವುದು, ಅವರ ಲಿಖಿತ ಒಪ್ಪಿಗೆ ಪಡೆದು ವಾರಕ್ಕೆ ಎರಡು ಬೆಳಗು ಕಂಪನಿಯಲ್ಲಿ ಕಲಿಸುವುದು. ತಿಂಗಳಿಗೆ 16 ಗಂಟೆಗೆ 19,200 ರೂಪಾಯಿ. ಸಾಲದ ಕಂತಿಗೆ ಒದಗುತ್ತದೆ. ಆದರೆ ವರದಿಯನ್ನು ಮೊದಲು ಕಲಿಯುವವನಿಗೆ ತೋರಿಸುವೆನೆಂದು ಕಂಪನಿಯವರಿಗೆ ಮುಂಚೆಯೇ ತಿಳಿಸಬೇಕು. ಈ ಕಡೆಯ ಷರತ್ತು ಅವರದೇ, ನಮ್ಮದಲ್ಲ.

ಅವರು ಹೋದ ಮೇಲೆ ಇನ್ನೊಂದು ಮುಖ ನಮ್ಮನ್ನು ಕಾಡಿತು. ಮೂರು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಇಂಗ್ಲಿಷ್ ಅಧ್ಯಾಪಕರೊಬ್ಬರು ಹೆಚ್ಚಿನ ಸಂಬಳಕ್ಕೆಂದು ಬಿಟ್ಟುಹೋದಾಗ, ಸಭೆಯಲ್ಲಿ ನಾವು ಅದನ್ನು ಆಸೆಬುರುಕತನವೆಂದು ಕರೆದಿದ್ದೆವು. ನಾವು ಅವರಿಗೆ ಕೊಡುತ್ತಿದ್ದುದರಲ್ಲಿ ಒಂದು ಸಂಸಾರ ಹೇಗೆ ನಡೆಯುತ್ತಿತ್ತೆಂದು ಅಂದು ಕಾಗದ ತರಿಸಿ ಲೆಕ್ಕ ಹಾಕಿರಲಿಲ್ಲ. ಮರುದಿನವೇ ಅವರಿಗೆ ಕ್ಷಮೆ ಕೋರಿ ಪತ್ರ ಬರೆದೆವು. ಅಧ್ಯಾಪಕರ ವೇತನದ ವಿಚಾರವನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇಡುತ್ತಿದ್ದೇವೆ. ಭಕ್ತರೂ ಹಳೆಯ ವಿದ್ಯಾರ್ಥಿಗಳೂ ಇದಕ್ಕೆ ಕೈಜೋಡಿಸುವರೆಂದು ನಂಬಿದ್ದೇವೆ.