ಮಗ್ಗದ ಕುಣಿ

2019ರ ಪಂಚಮಿ ಉಂಡಿ ಇನ್ನೂ ಡಬ್ಬಿಯೊಳಗಿದ್ದವು. ಹಬ್ಬ ಆಗಸ್ಟ್ 5ಕ್ಕೆ ಆಗಿತ್ತು. ಅಕ್ಕ ತವರಿಗೆ ಬಂದಿದ್ದಳು, ಪಡಸಾಲೆಯ ತೊಲೆಗೆ ಕಟ್ಟಿದ ಜೋಕಾಲಿ ಬಿಚ್ಚಿರಲಿಲ್ಲ. ಎರಡು ಮೂರು ದಿನದೊಳಗೆ ಮಲಪ್ರಭೆ ರಾಮದುರ್ಗದ ನಮ್ಮ ಓಣಿಗೆ ನುಗ್ಗಿತು.

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಕಿತ್ತೂರು, ಬೈಲಹೊಂಗಲ ಸೀಮೆ ದಾಟಿ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಆಣೆಕಟ್ಟಿಗೆ ಬಂದು ನಿಲ್ಲುತ್ತದೆ. ಅಲ್ಲಿ ಹಿಡಿಯುವುದು 37 ಟಿಎಂಸಿ ಅಡಿಗೆ ತುಸು ಮೇಲೆ. ತುಂಬಿ ಗೇಟು ತೆಗೆದರೆ ಮುಂದಿನ ಪಾಳಿ ಮುನವಳ್ಳಿಯದು, ಆಮೇಲೆ ನಮ್ಮದು.

ಈ ಹೊಳೆ ನಮ್ಮನ್ನು ಎಬ್ಬಿಸಿದ್ದು ಅದೇ ಮೊದಲಲ್ಲ. ಎಪ್ಪತ್ತರ ದಶಕದ ಶುರುವಿಗೆ ಅದೇ ಆಣೆಕಟ್ಟಿನ ಹಿನ್ನೀರಿನಲ್ಲಿ ಅಜ್ಜನ ಹೊಲ, ಮನೆ ಮುಳುಗಿದ್ದವು. ನೇಯುವ ಕೈ ಒಂದನ್ನೇ ನಂಬಿ ಆತ ರಾಮದುರ್ಗಕ್ಕೆ ಬಂದ. ಕುಣಿಮಗ್ಗದ ನೇಕಾರನಿಗೆ ಬಾಡಿಗೆ ಮನೆ ಎಂದರೆ ಏನೆಂದು ಬೇರೆಯವರಿಗೆ ತಿಳಿಯದು. ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಎರಡೂವರೆ ಅಡಿ ಕುಣಿ ತೋಡಬೇಕು. ಅದಕ್ಕೆ ಮಾಲೀಕ ಒಪ್ಪಬೇಕು. ಮನೆ ಬಿಡುವಾಗ ಅದೇ ಕುಣಿಯನ್ನು ಮುಚ್ಚಿ, ಸಗಣಿ ಸಾರಿಸಿ ಕೊಡಬೇಕು. ಅಜ್ಜ ಹಾಗೆ ಐದು ಕುಣಿ ತೋಡಿ ಐದೂ ಮುಚ್ಚಿದ. ಆರನೆಯದನ್ನು ತೋಡಿದ್ದು ಸ್ವಂತ ಮನೆಯಲ್ಲಿ. ಹೊಳೆದಂಡೆ ಎಂದು ಅಗ್ಗಕ್ಕೆ ಸಿಕ್ಕ ಮಣ್ಣಿನ ಮನೆ ಅದು.

ನೀರು ಇಳಿದ ಮೇಲೆ ಅಪ್ಪನ ಜೊತೆ ನೋಡಲು ಹೋದೆ. ಎರಡು ಗೋಡೆ ಕುಸಿದಿದ್ದವು. ಕುಣಿ ರಾಡಿಯಿಂದ ನೆಲಸಮ ಆಗಿತ್ತು. ಅರ್ಧ ನೇಯ್ದ ಸೀರೆಯ ಹಾಸು ಕೆಸರಿನೊಳಗಿಂದ ಹೊರಗೆ ಚಾಚಿತ್ತು. ಅಪ್ಪ ಕೂತು ಕೈಯಿಂದಲೇ ಕೆಸರು ಬಗೆದು ಲಾಳಿ ಹುಡುಕಿ ತೆಗೆದ, ಅಂಗಿಯ ತುದಿಗೆ ಒರೆಸಿ ಕಿಸೆಯಲ್ಲಿ ಇಟ್ಟುಕೊಂಡ. ಮಾತಾಡಲಿಲ್ಲ.

ಶಾಲೆಯೊಳಗಿನ ಪರಿಹಾರ ಕೇಂದ್ರ, 10,000 ರೂಪಾಯಿಯ ತುರ್ತು ಪರಿಹಾರ, ಆಮೇಲೆ ಬಾಡಿಗೆ ಕೋಣೆ. ಆ ಮಾಲೀಕ ಕುಣಿ ತೋಡಲು ಬಿಡಲಿಲ್ಲ. ಮೂವತ್ತು ವರ್ಷ ಸ್ವಂತ ಮಗ್ಗದಲ್ಲಿ ಕೂತ ಅಪ್ಪ ಮಂದಿಯ ಮಗ್ಗಕ್ಕೆ ಕೂಲಿಗೆ ಹೋದ.

ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು. ನಮ್ಮದು 'ಎ' ಪಟ್ಟಿಯಲ್ಲಿತ್ತು. ಆದರೆ ಉತಾರ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿತ್ತು. ಮರಣದ ದಾಖಲೆ, ವಂಶವೃಕ್ಷ, ವಾರಸಾ ಎಂದು ಅಪ್ಪ ತಿಂಗಳುಗಟ್ಟಲೆ ತಿರುಗಿದ. ಮನೆ ಬಿದ್ದದ್ದು ಒಂದು ರಾತ್ರಿಯಲ್ಲಿ. ಆ ಮನೆ ನಮ್ಮದು ಎಂದು ತೋರಿಸಲು ಚಳಿಗಾಲ ಕಳೆಯಿತು.

ಹಣ ಕಂತಿನಲ್ಲಿ ಬಂತು. ಪಾಯದ ಫೋಟೋ ಹೋದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಮತ್ತೊಂದು. ನಡುವೆ ಲಾಕ್‌ಡೌನ್ ಬಂದು ಸಿಮೆಂಟೂ ಇಲ್ಲ, ಗೌಂಡಿಯೂ ಇಲ್ಲ. ಕಡಿಮೆ ಬಿದ್ದದ್ದನ್ನು ಅವ್ವ ಸ್ವಸಹಾಯ ಸಂಘದ ಸಾಲದಿಂದ ಹೊಂದಿಸಿದಳು. ಮಣ್ಣು, ಕಲ್ಲು ನಾವೇ ಹೊತ್ತೆವು.

ಅವ್ವನದು ಒಂದೇ ಹಟ. ‘ಗ್ವಾಡಿ ಸಣ್ಣದಾದ್ರೂ ಚಿಂತಿಲ್ಲ, ಪಾಯಾ ನಾಕ ಅಡಿ ಎತ್ತರ ಆಗಬೇಕು.’ ಗೌಂಡಿ ಖರ್ಚಿನ ಲೆಕ್ಕ ಹೇಳಿದ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕೋಣೆ, ಒಂದು ಪಡಸಾಲೆ. ಅಷ್ಟೇ ಆಯಿತು, ಆದರೆ ಎತ್ತರದಲ್ಲಿ ಆಯಿತು.

ಗೃಹಪ್ರವೇಶದ ಮರುದಿನ ಅಪ್ಪ ಯಾರನ್ನೂ ಕೇಳದೆ ಪಡಸಾಲೆಯಲ್ಲಿ ಕುಣಿ ತೋಡಿದ. ಕಿಸೆಯಿಂದ ಆ ಲಾಳಿ ತೆಗೆದು ಅವ್ವನ ಕೈಗೆ ಕೊಟ್ಟ. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು. ನನ್ನ ಮಟ್ಟಿಗೆ ನಾವು ಮನೆಗೆ ಬಂದದ್ದು ಆ ಗಳಿಗೆಗೆ.

ಹೊಳೆದಂಡೆಯ ಓದುಗರಿಗೆ ನನ್ನದೊಂದು ಮಾತು. ಉತಾರ ಇನ್ನೂ ಹಿರಿಯರ ಹೆಸರಿನಲ್ಲಿದ್ದರೆ ಈ ಮಳೆಗಾಲಕ್ಕೆ ಮೊದಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕಟ್ಟುವುದಾದರೆ ಪಾಯದ ಖರ್ಚಿಗೆ ಕೈ ಬಿಗಿ ಹಿಡಿಯಬೇಡಿ. ನಮ್ಮ ಮಗ್ಗದ ಕುಣಿಯ ತಳ ಈಗ ಹಳೆಯ ಮನೆಯ ಹೊಸ್ತಿಲಿಗಿಂತ ಒಂದು ಅಡಿ ಮೇಲಿದೆ.