ಮೊದಲು ಪ್ರತಿ, ಅನಂತರ ತಪಾಸಣೆ

ಬಂಟ್ವಾಳ, ಬೆಳ್ತಂಗಡಿಗಳ ಮಳೆಗಾಲದಲ್ಲಿ ಗುಡುಗಿನ ಹಿಂದೆಯೇ ದೀಪ ಆರುವುದು ಹೊಸತೇನಲ್ಲ. ಬರಹ ನಡೆದಿರುವಾಗಲೇ ವಿದ್ಯುತ್ತು ಹೋದರೆ ಗಣಕದ ಹಾರ್ಡ್ ಡಿಸ್ಕಿನಲ್ಲಿ ಕಡತಗಳ ಲೆಕ್ಕ ತಪ್ಪುವುದುಂಟು. ನಮ್ಮ ಬಂಟ್ವಾಳದ ಮನೆಯ ಗಣಕದಲ್ಲಿ ಲಿಂಗೈಕ್ಯರಾದ ತಾಯಿಯವರ ಹಾಡುಗಳಿದ್ದವು. ಕಳೆದ ಆಷಾಢದಲ್ಲಿ ಅವು ತಡೆತಡೆದು ಕೇಳಿಸತೊಡಗಿದವು.

ವಿಂಡೋಸಿನ ‘ಚೆಕ್‌ಡಿಸ್ಕ್’ ಆಜ್ಞೆಗೆ ‘ಎಫ್’ ಸೇರಿಸಿದರೆ ಕಡತವ್ಯವಸ್ಥೆಯ ದೋಷ ತಿದ್ದುತ್ತದೆ. ‘ಆರ್’ ಸೇರಿಸಿದರೆ ಡಿಸ್ಕನ್ನೆಲ್ಲ ಓದಿ, ಕೆಟ್ಟ ಸೆಕ್ಟರುಗಳನ್ನು ಗುರುತಿಸಿ, ಓದಲು ಸಿಕ್ಕಷ್ಟನ್ನು ಉಳಿಸುತ್ತದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಸಾಯುತ್ತಿರುವ ಡಿಸ್ಕು ಆ ಶ್ರಮದಲ್ಲೇ ನಿಂತುಹೋಗಲೂಬಹುದು. ಆದ್ದರಿಂದ ತಪಾಸಣೆಗೆ ಮುನ್ನವೇ ಹಾಡುಗಳನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಂಡೆವು.

ನಮ್ಮ ನೆರೆಯ ಮೂಡುಬಿದಿರೆಯ ಜೈನರು ಇದನ್ನು ಎಂದೋ ಅರಿತಿದ್ದರು. ಅಲ್ಲಿನ ಹಳೆಗನ್ನಡ ಲಿಪಿಯ ತಾಳೆಯೋಲೆಗಳಿಂದ ಪ್ರತಿ ಇಳಿದುದರಿಂದಲೇ ಧವಲಾ ಗ್ರಂಥವು 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾಯಿತು. ಹುಳು ತಿಂದ ಅಕ್ಷರವನ್ನು ಯಾವ ತಪಾಸಣೆ ತಂದುಕೊಟ್ಟೀತು?

ರಾತ್ರಿಯಿಡೀ ತಪಾಸಣೆ ನಡೆಯಿತು. ಕೆಟ್ಟ ಸೆಕ್ಟರುಗಳಿದ್ದವು, ಒಂದು ಹಾಡಿನ ಎರಡನೆಯ ಚರಣ ಮರಳಲಿಲ್ಲ. ಆ ಡಿಸ್ಕನ್ನು ತೆಗೆದಿರಿಸಿ ಹೊಸದನ್ನು ಕೂರಿಸಿದೆವು. ಹಾಡುಗಳ ಇನ್ನೊಂದು ಪ್ರತಿ ಈಗ ಬೆಳ್ತಂಗಡಿಯಲ್ಲಿ, ಅಕ್ಕನವರ ಕಪಾಟಿನಲ್ಲಿದೆ.